ಬಿಸಿಲ ನಾಡಿನ ಮನೆಯಲ್ಲೊಂದು ಕಡಲು

ಹೋದ ತಿಂಗಳು ಶಹಾಪುರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿ, "ಸರ್, ನಿಮ್ಮ ಮನ್ಯಾಗ ಸಮುದ್ರದ ಮೀನ ಅದಾವಂತ, ಖರೇನ್ರಿ? ನನ್ನ ಮಗಳೂ ಬೇಕಂತ ಹಟ ಹಿಡದಾಳ. ಹೆಂಗ ಶುರು ಮಾಡಬೇಕ್ರಿ?" ಎಂದು ಕೇಳಿದರು. ಎರಡು ಮಾತಿನಲ್ಲಿ ಮುಗಿಯುವ ವಿಷಯವಲ್ಲವಾದ್ದರಿಂದ ಬರೆದು ತಿಳಿಸುವುದಾಗಿ ಹೇಳಿದೆ. ಬರೆಯಲು ಕುಳಿತಾಗ, ಹೇಗೆ ಮಾಡಬೇಕೆಂಬುದನ್ನು ಹೇಳುವ ಮೊದಲು ನಾನು ಹೇಗೆ ಕೆಡಿಸಿದೆನೆಂಬುದನ್ನು ಒಪ್ಪಿಕೊಳ್ಳುವುದೇ ನ್ಯಾಯವೆಂದು ತೋರಿತು.

ನಮ್ಮದು ಬಿಸಿಲ ನಾಡು. ಯಾದಗಿರಿಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ಕಾಣಲು ಮುನ್ನೂರು ಕಿಲೋಮೀಟರಿಗಿಂತ ಹೆಚ್ಚು ಸಾಗಬೇಕು. ನಮಗೆ ಗೊತ್ತಿರುವುದು ಭೀಮೆಯ ಮೀನು, ಕೃಷ್ಣೆಯ ಮೀನು, ಬೋನಾಳ ಕೆರೆಯ ಹಕ್ಕಿಗಳು ಹಿಡಿದು ತಿನ್ನುವ ಮೀನು. ಇಂಥ ಊರಿನಲ್ಲಿ ಕಡಲಿನ ಮೀನು ಸಾಕುವ ಹುಚ್ಚು ನನಗೆ ಹಿಡಿದದ್ದು 2019ರ ಮೇ ತಿಂಗಳಲ್ಲಿ. ನಾನು ನಿವೃತ್ತನಾಗಿ ಒಂದು ವರ್ಷವಾಗಿತ್ತು. ಬೇಸಿಗೆ ರಜೆಗೆ ಬಂದಿದ್ದ ಎಂಟು ವರ್ಷದ ಮೊಮ್ಮಗ 'ಫೈಂಡಿಂಗ್ ನೀಮೊ' ಚಲನಚಿತ್ರವನ್ನು ಎಷ್ಟನೆಯ ಬಾರಿಗೋ ನೋಡುತ್ತ, "ಮುತ್ಯಾ, ಈ ಮೀನು ನಮ್ಮ ಮನ್ಯಾಗ ಇಟಗೊಳ್ಳಾಕ ಬರತದೇನು?" ಎಂದು ಕೇಳಿದ. ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಬೋಧಿಸಿದವನಿಗೆ 'ಬರುವುದಿಲ್ಲ' ಎನ್ನಲು ನಾಲಿಗೆ ಹೊರಳಲಿಲ್ಲ.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗಾಜಿನ ತೊಟ್ಟಿ ಬಂದಿತು. ಅದರಲ್ಲಿ ಹಿಡಿಯುವ ನೀರು ಐವತ್ತು ಲೀಟರ್. ನೆರೆಮನೆಯವರೊಬ್ಬರು ಕಲ್ಲುಪ್ಪು ಕರಗಿಸಿದರೆ ಸಾಕೆಂದಾಗ ನಾನು ನಕ್ಕೆ. ಸಮುದ್ರದ ನೀರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಮಾತ್ರವಲ್ಲ, ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇವೆಲ್ಲ ಬೇಕೆಂಬುದು ನನಗೆ ತಿಳಿದಿತ್ತು. ಅದಕ್ಕೆಂದೇ ತಯಾರಿಸಿದ ಉಪ್ಪನ್ನು ತರಿಸಿ, ಲೀಟರಿಗೆ ಸುಮಾರು 35 ಗ್ರಾಮಿನಂತೆ ತೂಗಿ ಬೆರೆಸಿದೆ. ಇಷ್ಟು ಸರಿಯಾಗಿ ಮಾಡಿದ ಹೆಮ್ಮೆಯೇ ಮುಂದಿನ ತಪ್ಪುಗಳಿಗೆಲ್ಲ ಮೂಲವಾಯಿತೆಂದು ಈಗ ಅನಿಸುತ್ತದೆ. ನೀರು ತುಂಬಿದ ಮರುದಿನವೇ ಹೈದರಾಬಾದಿನಿಂದ ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್ ಬಂದವು. ಮೊಮ್ಮಗ ಅಂದು ರಾತ್ರಿ ತೊಟ್ಟಿಯ ಮುಂದೆಯೇ ಹಾಸಿಗೆ ಹಾಸಿಸಿಕೊಂಡು ಮಲಗಿದ.

ಐದನೆಯ ದಿನ ಒಂದು ಮೀನು ಸತ್ತಿತು. ಉಳಿದೆರಡು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡತೊಡಗಿದವು. ಆಮ್ಲಜನಕ ಸಾಲದೆಂದು ಬಗೆದು ಇನ್ನೊಂದು ಗಾಳಿಯ ಪಂಪು ಹಾಕಿದೆ. ಒಂಬತ್ತನೆಯ ದಿನ ತೊಟ್ಟಿ ಬರಿದಾಯಿತು. ಮೊಮ್ಮಗ ಅಳಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು ಕೊನೆಗೆ, "ಮುತ್ಯಾ, ನೀವು ಸೈನ್ಸ್ ಮಾಸ್ತರ ಅಲ್ಲೇನು?" ಎಂದು ಕೇಳಿದ. ಆ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ರಜೆ ಮುಗಿಸಿ ಹುಡುಗ ಹೋದ ಮೇಲೆ ಓದತೊಡಗಿದೆ. ಓದಿದಂತೆಲ್ಲ ಸುರಪುರದ ಒಂದು ತರಗತಿ ನೆನಪಾಗುತ್ತಿತ್ತು. 1991ರ ಸುಮಾರು, ಒಂಬತ್ತನೆಯ ತರಗತಿಗೆ ಸಾರಜನಕ ಚಕ್ರದ ಪಾಠ. ಹಲಗೆಯ ಮೇಲೆ ಬಾಣದ ಗುರುತುಗಳೊಡನೆ ಚಿತ್ರ ಬರೆದು, ಬ್ಯಾಕ್ಟೀರಿಯಗಳು ಅಮೋನಿಯಾವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಪರಿವರ್ತಿಸುತ್ತವೆಯೆಂದು ಬಾಯಿಪಾಠ ಮಾಡಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ಮೀನು ಉಚ್ಚಿ ಹೊಯ್ದ ನೀರಾಗೇ ಹೆಂಗ ಬದುಕತಾವ್ರಿ?" ಎಂದ. ತರಗತಿ ಗೊಳ್ಳೆಂದು ನಕ್ಕಿತು. ಅವನನ್ನು ಅವಧಿ ಮುಗಿಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದೆ. ಆ ದಿನದ ಪಾಠಕ್ಕೆ ಅದಕ್ಕಿಂತ ಸರಿಯಾದ ಪ್ರಶ್ನೆ ಬೇರೊಂದಿರಲಿಲ್ಲವೆಂಬುದು ನನಗೆ ತಿಳಿಯಲು ಮೂರು ಮೀನುಗಳು ಸಾಯಬೇಕಾಯಿತು.

ಮೀನು ತನ್ನ ಅಮೋನಿಯಾವನ್ನು ಬಹುಪಾಲು ಕಿವಿರುಗಳ ಮೂಲಕವೇ ಹೊರಹಾಕುತ್ತದೆ. ಕೆರೆಯಲ್ಲಿ, ಕಡಲಿನಲ್ಲಿ ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳು ಕಲ್ಲು, ಮರಳುಗಳ ಮೇಲೆಲ್ಲ ಹಬ್ಬಿರುತ್ತವೆ. ಹೊಸ ಗಾಜಿನ ತೊಟ್ಟಿಯಲ್ಲಿ ಅವು ಇರುವುದಿಲ್ಲ. ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೀನು ತನ್ನ ವಿಷದಲ್ಲಿಯೇ ಈಜುತ್ತಿರುತ್ತದೆ. ನೀರಿನ ಕ್ಷಾರತೆ ಮತ್ತು ಉಷ್ಣತೆ ಹೆಚ್ಚಿದಷ್ಟೂ ಅಮೋನಿಯಾದ ವಿಷ ಏರುತ್ತದೆ. ಕಡಲ ನೀರಿನ ಪಿಎಚ್ ಎಂಟಕ್ಕಿಂತ ಮೇಲೆ. ನಮ್ಮ ಮೇ ತಿಂಗಳ ಬಿಸಿಲನ್ನಂತೂ ನೀವೇ ಬಲ್ಲಿರಿ. ಹುಡುಗ ಪ್ರೀತಿಯಿಂದ ಹೊತ್ತುಹೊತ್ತಿಗೆ ಹಾಕಿದ ಆಹಾರವೂ ತಳದಲ್ಲಿ ಕೊಳೆತು ಅಮೋನಿಯಾವೇ ಆಗಿತ್ತು. ಅದನ್ನು ತಡೆಯಬೇಕಾದವನು ನಾನು.

ಎರಡನೆಯ ತಪ್ಪು, ಸಣ್ಣ ತೊಟ್ಟಿ. ಸಣ್ಣದು ಸುಲಭವೆಂದು ಹೊಸಬರೆಲ್ಲರೂ ಎಣಿಸುತ್ತಾರೆ. ನೀರು ಕಡಿಮೆಯಾದಷ್ಟೂ ಉಷ್ಣತೆ, ಉಪ್ಪು, ವಿಷ ಎಲ್ಲವೂ ಬೇಗ ಏರುಪೇರಾಗುತ್ತವೆ. ಮೂರನೆಯದು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು. ಬಿಸಿಲಿಗೆ ನೀರು ಇಂಗಿದಾಗ ನಾನು ಉಪ್ಪುನೀರನ್ನೇ ಮತ್ತೆ ತುಂಬುತ್ತಿದ್ದೆ. ಆವಿಯಾಗುವುದು ನೀರು, ಉಪ್ಪಲ್ಲ. ಉಪ್ಪಿನ ಮಡಿಗಳ ಚಿತ್ರ ತೋರಿಸಿ ಮಕ್ಕಳಿಗೆ ಇದನ್ನು ಹೇಳಿಕೊಟ್ಟವನೂ ನಾನೇ! ಇಂಗಿದಷ್ಟು ಸಿಹಿನೀರನ್ನು ಮಾತ್ರ ದಿನವೂ ಸೇರಿಸಬೇಕು. ನಾಲ್ಕನೆಯದು, ಕೊಳವೆಬಾವಿಯ ನೀರು. ನಮ್ಮ ಭಾಗದ ಅಂತರ್ಜಲದ ಗಡಸುತನ, ಫ್ಲೋರೈಡು ಎಲ್ಲರೂ ಬಲ್ಲ ಸಂಗತಿ. ಆರ್‌ಓ ಯಂತ್ರದಿಂದ ಬಂದ ನೀರನ್ನು ಅಯಾನುಗಳನ್ನು ತೆಗೆಯುವ ರಾಳದ ಮೂಲಕ ಹಾಯಿಸಿ, ಟಿಡಿಎಸ್ ಮಾಪಕ ಸೊನ್ನೆ ತೋರಿಸುವಂತೆ ಮಾಡಿಕೊಂಡು ಉಪ್ಪು ಬೆರೆಸುವುದು ಉತ್ತಮ.

2021ರ ನವೆಂಬರಿನಲ್ಲಿ ಎರಡನೆಯ ಬಾರಿ ಆರಂಭಿಸಿದೆ. ಬೇಸಿಗೆಯಲ್ಲಿ ಶುರು ಮಾಡಬಾರದೆಂಬುದು ಮೊದಲನೆಯ ಪಾಠವಾಗಿತ್ತು. ನಾಲ್ಕು ಅಡಿ ಉದ್ದದ, ಸುಮಾರು 225 ಲೀಟರ್ ನೀರಿನ ತೊಟ್ಟಿ. ಭಾರ ತಾಳಲು ಕಬ್ಬಿಣದ ಗಟ್ಟಿ ಕಾಲುಮಣೆ. ಒಣ ಕಲ್ಲು, ಮರಳು, ನೀರು ಚಲಿಸಲು ಪಂಪು, ಜಿಡ್ಡನ್ನು ನೊರೆಯಾಗಿ ಎತ್ತಿಹಾಕುವ ಸ್ಕಿಮ್ಮರ್ ಎಂಬ ಸಾಧನ. ಮೀನು ಇಲ್ಲ! ಮೀನಿನ ಬದಲು ಕೊಂಚ ಅಮೋನಿಯಂ ಕ್ಲೋರೈಡು. ಮೊಮ್ಮಗನಿಗೆ ಪ್ರತಿದಿನ ವಿಡಿಯೊ ಕರೆ ಮಾಡಿ ಪರೀಕ್ಷಾನಳಿಕೆಯ ಬಣ್ಣ ತೋರಿಸುತ್ತಿದ್ದೆ. ಅವನು ಬಣ್ಣದ ಪಟ್ಟಿಗೆ ಹೋಲಿಸಿ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಮೊದಲು ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು. ಬಳಿಕ ಅದೂ ಇಳಿಯಿತು. ಆರನೆಯ ವಾರದಲ್ಲಿ ಎರಡೂ ಸೊನ್ನೆ. ನಾನು ಹಲಗೆಯ ಮೇಲೆ ಎಷ್ಟೋ ಬಾರಿ ಬರೆದ ಚಿತ್ರವನ್ನು ಅವನು ಗ್ರಾಫ್ ಹಾಳೆಯ ಮೇಲೆ ಅಂಕಿಗಳಿಂದಲೇ ಬಿಡಿಸಿದ್ದ.

2022ರ ಜನವರಿಯಲ್ಲಿ ಎರಡೇ ಎರಡು ಪುಟ್ಟ ಕ್ಲೌನ್ ಮೀನು ತಂದೆವು. ಕಡಲಿನಿಂದ ಹಿಡಿದವಲ್ಲ, ತೊಟ್ಟಿಯಲ್ಲಿಯೇ ಹುಟ್ಟಿದವು. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಮೀನುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿದ್ದಾರೆ; ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿರಿ. ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ, ತೊಟ್ಟಿಯ ನೀರನ್ನು ಹನಿಹನಿಯಾಗಿ ಸೇರಿಸಿ ಮೀನನ್ನು ಒಗ್ಗಿಸಬೇಕು. ಜೀವಂತ ಹವಳ, ಸಮುದ್ರಕುದುರೆಗಳ ಆಸೆ ಬೇಡ. 2001ರಲ್ಲಿಯೇ ಅವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿವೆ.

ಬೇಸಿಗೆಯದೇ ದೊಡ್ಡ ಚಿಂತೆ. ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಹೊರಗೆ ನಲವತ್ತು ದಾಟಿರುತ್ತದೆ. ನಮ್ಮ ಒಣ ಹವೆಯಲ್ಲಿ ನೀರಿನ ಮೇಲೆ ಸಣ್ಣ ಫ್ಯಾನಿನ ಗಾಳಿ ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವ ತತ್ತ್ವವೇ ಇದು. ಏಪ್ರಿಲ್, ಮೇಗೆ ಅದು ಸಾಲದು. ನೀರು ತಂಪಾಗಿಸುವ ಚಿಲ್ಲರ್ ಬೇಕೇ ಬೇಕು. ಕರೆಂಟು ಹೋದಾಗ ಪಂಪು ನಿಲ್ಲದಂತೆ ಇನ್ವರ್ಟರ್ ಇರಬೇಕು, ಏಕೆಂದರೆ ಬೆಚ್ಚಗಿನ ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಈ ಖರ್ಚನ್ನೆಲ್ಲ ಮೊದಲೇ ಲೆಕ್ಕ ಹಾಕಿ, ಆಗದೆಂದು ಕಂಡರೆ ಸಿಹಿನೀರಿನ ಮೀನುಗಳನ್ನು ಸಾಕುವುದರಲ್ಲಿ ಯಾವ ಅವಮಾನವೂ ಇಲ್ಲ.

ಆ ಜೋಡಿ ಇಂದಿಗೂ ಆರೋಗ್ಯವಾಗಿದೆ. ಕ್ಲೌನ್ ಮೀನುಗಳೆಲ್ಲ ಹುಟ್ಟುವಾಗ ಗಂಡು. ಜೋಡಿಯಲ್ಲಿ ಬಲಶಾಲಿಯಾದದ್ದು ಹೆಣ್ಣಾಗಿ ಮಾರ್ಪಡುತ್ತದೆ. ನಮ್ಮಲ್ಲಿಯೂ ಒಂದು ದಪ್ಪವಾಗಿ ಬೆಳೆದು ಮನೆಯ ಯಜಮಾನಿಯಂತೆ ಇನ್ನೊಂದನ್ನು ಗದರಿಸುತ್ತ ತಿರುಗುತ್ತದೆ. ನಮ್ಮ ಮನೆಯವರು ಇದನ್ನು ಬಂದವರಿಗೆಲ್ಲ ತೋರಿಸಿ ನಗುತ್ತಾರೆ.

ಶಹಾಪುರದ ಶಿಷ್ಯರಿಗೆ ನನ್ನ ಉತ್ತರ ಇಷ್ಟು: ತೊಟ್ಟಿ ತನ್ನಿ, ಆದರೆ ಮೊದಲ ಆರು ವಾರ ಮಗಳಿಗೆ ಮೀನು ಬೇಡ, ಒಂದು ನೋಟ್‌ಬುಕ್ ಕೊಡಿಸಿ. ಅವಳು ಕೇಳುವ ಪ್ರಶ್ನೆ ನಗು ಬರಿಸುವಂಥದ್ದಾದರೂ ನಕ್ಕುಬಿಡಬೇಡಿ.

ಸುರಪುರದ ಆ ಹಿಂದಿನ ಬೆಂಚಿನ ಹುಡುಗನ ಹೆಸರು ನನಗೆ ನೆನಪಿಗೆ ಬರುತ್ತಿಲ್ಲ; ಅದೂ ನನ್ನದೇ ತಪ್ಪು. ಈಗ ಅವನಿಗೆ ಐವತ್ತರ ಹತ್ತಿರ ವಯಸ್ಸಾಗಿರಬೇಕು. ಇದನ್ನು ಓದಿದಲ್ಲಿ ದಯವಿಟ್ಟು ಒಮ್ಮೆ ಯಾದಗಿರಿಗೆ ಬರಲಿ. ಉತ್ತರ ತೋರಿಸುವುದು ಬಾಕಿ ಇದೆ.