ರಗತ ತಗಿಯಾಕಿ

ನಮ್ಮ ಕಡೆ ಫ್ಲೆಬಾಟಮಿಸ್ಟ್ ಎಂಬ ಪದ ಯಾರ ಬಾಯಲ್ಲೂ ಇಲ್ಲ. ಬಂದವರು ‘ರಗತ ತಗಿಯಾಕಿ ಎಲ್ಲದಾಳ್ರಿ?’ ಎಂದೇ ಕೇಳುತ್ತಾರೆ. ಪಿಎಚ್.ಡಿ.ಗೆ ಸೇರುವ ಮುಂಚೆ ಮೂರು ವರ್ಷ ಬೈಲಹೊಂಗಲದ ಒಂದು ಹೊರರೋಗಿ ಕ್ಲಿನಿಕ್ಕಿನಲ್ಲಿ ನಾನು ಆ ‘ರಗತ ತಗಿಯಾಕಿ’ ಆಗಿದ್ದೆ. ವಾರದಲ್ಲಿ ಒಂದೊಂದು ದಿನ ಕಿತ್ತೂರು, ಸವದತ್ತಿ, ರಾಮದುರ್ಗಕ್ಕೂ ಹೋಗಬೇಕಿತ್ತು. ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಐಸ್ ಪ್ಯಾಕಿನ ಡಬ್ಬಿ, ಅದರೊಳಗೆ ಮೂವತ್ತು ನಲವತ್ತು ಜನರ ನೆತ್ತರು. ಪಕ್ಕದ ಸೀಟಿನವರು ‘ಊಟದ ಡಬ್ಬಿ ಏನ್ರಿ?’ ಎಂದರೆ ಹೌದೆಂದು ಸುಮ್ಮನಾಗುತ್ತಿದ್ದೆ.

ನೋಡಲು ಸಣ್ಣ ಕೆಲಸ. ಮೊಣಕೈಗಿಂತ ನಾಲ್ಕು ಬೆರಳು ಮೇಲೆ ರಬ್ಬರ್ ಪಟ್ಟಿ ಕಟ್ಟಬೇಕು, ಮುಷ್ಟಿ ಬಿಗಿಹಿಡಿಯಲು ಹೇಳಬೇಕು, ಒಳಮಡಿಕೆಯಲ್ಲಿ ಬೆರಳಿಟ್ಟು ಹುಡುಕಬೇಕು. ಇಲ್ಲಿ ಕಣ್ಣಿಗಿಂತ ಬೆರಳನ್ನು ನಂಬಬೇಕು. ಚೆನ್ನಾಗಿ ಕಾಣುವ ನೀಲಿ ಗೆರೆ ಸೂಜಿ ತಾಗಿದೊಡನೆ ಜಾರಿಬಿಡಬಹುದು; ಕಾಣದಿದ್ದರೂ ಒತ್ತಿದಾಗ ಪುಟಿಯುವುದೇ ಒಳ್ಳೆಯ ನರ. ಪಠ್ಯಪುಸ್ತಕದಲ್ಲಿ ಇದು ಅಭಿಧಮನಿ, ನರವೆಂದರೆ ಬೇರೆಯೇ ವಸ್ತು. ಆದರೆ ‘ನರ ಸಿಗವಲ್ದು’ ಎನ್ನದೆ ಈ ಕೆಲಸ ಮಾಡಿದವರು ನಮ್ಮಲ್ಲಿಲ್ಲ. ನೇರಳೆ ಮುಚ್ಚಳದ ನಳಿಕೆ ರಕ್ತಕಣಗಳ ಎಣಿಕೆಗೆ, ಬೂದು ಬಣ್ಣದ್ದು ಸಕ್ಕರೆಗೆ. ತುಂಬಿದ ಮೇಲೆ ಕುಲುಕಬಾರದು. ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು. ಕುಲುಕಿದರೆ ಕಣಗಳು ಒಡೆಯುತ್ತವೆ.

ಕಬ್ಬು ಕಡಿಯುವವರ ತೋಳಲ್ಲಿ ನರಗಳು ಹಗ್ಗದ ಹಾಗೆ ಎದ್ದಿರುತ್ತವೆ. ಸವದತ್ತಿಯಲ್ಲಿ ಗುಡ್ಡ ಏರಿ ಬಂದವರ ಕೈಯಲ್ಲಿ ಭಂಡಾರ, ಮುಂಗೈ ತುಂಬ ಹಸಿರು ಬಳೆ. ‘ಇವತ್ತ ಮಂಗಳವಾರ, ಯಲ್ಲವ್ವನ ವಾರ. ನಾಳೆ ತಗೀಯವ್ವ’ ಎಂದು ಎದ್ದು ಹೋದವರೂ ಉಂಟು. ಆದರೆ ನಾಲ್ಕೂ ಊರಿನಲ್ಲಿ ಒಂದು ಮಾತು ಮಾತ್ರ ಬದಲಾಗಲಿಲ್ಲ. ಗಂಡಸರು ‘ನೋಯ್ತದೇನು?’ ಎಂದು ಕೇಳುತ್ತಿದ್ದರು. ಹೆಂಗಸರು, ‘ಅಷ್ಟ್ಯಾಕ ತಗೀತಿ ಬೇ? ಮೊದಲ ಇಲ್ಲ ನನ್ನ ಮೈಯಾಗ.’

ನಾನು ಲೆಕ್ಕ ಹೇಳುತ್ತಿದ್ದೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಮೂರು ನಳಿಕೆ ಸೇರಿದರೂ 10 ಮಿಲಿ ದಾಟುವುದಿಲ್ಲ, ಎರಡು ಚಮಚ. ಕೆಂಪು ಕಣದ ಆಯುಷ್ಯವೇ ಸುಮಾರು 120 ದಿನ. ಹಳೆಯದು ಹೋಗಿ ಹೊಸದು ಹುಟ್ಟುತ್ತಲೇ ಇರುತ್ತದೆ. ಬಹಳ ದಿನ ಅವರ ಪ್ರಶ್ನೆಯನ್ನು ಬರಿಯ ಅಂಜಿಕೆ ಅಂದುಕೊಂಡಿದ್ದೆ. ಹೊಸ ಕಣ ಹುಟ್ಟಲು ಕಬ್ಬಿಣಾಂಶ ಬೇಕು. ತಿಂಗಳು ತಿಂಗಳು ಕಳೆದುಕೊಳ್ಳುವವಳು, ಮೇಲಿಂದ ಮೇಲೆ ಹೆತ್ತವಳು, ಮನೆಯಲ್ಲಿ ಎಲ್ಲರದಾದ ಮೇಲೆ ಉಳಿದದ್ದನ್ನು ಉಣ್ಣುವವಳು ‘ನನ್ನಲ್ಲಿ ಇಲ್ಲ’ ಎಂದರೆ ಅದು ಮೂಢನಂಬಿಕೆಯಲ್ಲ. ಯಂತ್ರಕ್ಕಿಂತ ಮುಂಚೆ ಮೈ ಹೇಳಿದ ವರದಿ.

ರಕ್ತದ ಮಾತು ನಮ್ಮ ಸೀಮೆಗೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಗೆದ್ದಿತು. ಮುಂದೆ ಸೆರೆಸಿಕ್ಕ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲೇ 1829ರಲ್ಲಿ ತೀರಿಕೊಂಡರು, ಸಮಾಧಿ ನಮ್ಮೂರಲ್ಲಿದೆ. ಪ್ರತಿ ಅಕ್ಟೋಬರಿನಲ್ಲಿ ಉತ್ಸವ ಬಂದಾಗ ‘ಚೆನ್ನಮ್ಮನ ರಕ್ತ ಈ ನಾಡಿನ ಹೆಣ್ಣುಮಕ್ಕಳ ಮೈಯಲ್ಲಿ ಹರಿಯುತ್ತಿದೆ’ ಎಂಬ ಮಾತು ಮೈಕಿನಲ್ಲಿ ಕೇಳುತ್ತದೆ. ಆ ಹೆಣ್ಣುಮಕ್ಕಳ ರಕ್ತ ನನ್ನ ಡಬ್ಬಿಯಲ್ಲಿರುತ್ತಿತ್ತು. ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು; ಬಸುರಿಯಾದರೆ 11. ರಿಜಿಸ್ಟರಿನಲ್ಲಿ ನಾನು ಬರೆದದ್ದು ಹೆಚ್ಚಾಗಿ ಎಂಟು, ಒಂಬತ್ತು, ಒಂಬತ್ತೂವರೆ. ಇದು ನಮ್ಮೊಬ್ಬರ ಕತೆಯೂ ಅಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ.

ಒಮ್ಮೆ ರಾಮದುರ್ಗದಲ್ಲಿ ಐದು ತಿಂಗಳ ಬಸುರಿಯನ್ನು ಅವಳ ಅತ್ತೆ ಕರೆದುಕೊಂಡು ಬಂದಿದ್ದರು. ‘ಮೈಗಳ್ಳತನ ಜಾಸ್ತಿ ನೋಡವ್ವಾ ಇಕಿಗೆ. ಯಾವಾಗ ನೋಡಿದ್ರೂ ಮಲಗಿರತಾಳ’ ಎಂದರು. ಹುಡುಗಿ ತಲೆ ಎತ್ತಲಿಲ್ಲ. ವರದಿ ಬಂತು: 7.6. ಡಾಕ್ಟರು ಗುಳಿಗೆ ಬರೆದರು. ವರದಿಯನ್ನು ಅತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಹೊರಡುವಾಗ ಹುಡುಗಿ ನನ್ನ ಟೇಬಲ್ಲಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: ‘ಅಕ್ಕಾರ, ನಂದ ಎಷ್ಟ ಐತ್ರಿ?’

ಅವಳ ತಾಯಿ ಕಾರ್ಡಿನಲ್ಲಿ ಅಂಕಿ ತೋರಿಸಿದೆ. ಅತ್ತೆಯನ್ನೂ ಕರೆದೆ. ‘ಆಯಿ, ಹನ್ನೊಂದ ಇರಬೇಕಾಗಿದ್ದು ಏಳೂವರಿ ಐತಿ. ಹಿಟ್ಟ ಇಲ್ದ ರೊಟ್ಟಿ ಬಡಿ ಅಂದ್ರ ನೀವರ ಹೆಂಗ ಬಡೀತೀರಿ?’ ಎಂದೆ. ಆಯಿ ನನ್ನನ್ನೂ ಸೊಸೆಯನ್ನೂ ನೋಡಿದರು. ‘ಅಷ್ಟ ಕಡಿಮಿ ಐತೇನ?’ ಎಂದರು. ಆಮೇಲೆ, ‘ನಂದೂ ಒಂದೀಟ ನೋಡ ಹಂಗಾರ’ ಎಂದು ಸೆರಗು ಸರಿಸಿ ಕೈ ಚಾಚಿದರು. ಅವರದು 8.9 ಇತ್ತು. ಹೊಲ, ಒಲೆ, ಐದು ಹೆರಿಗೆ ಎಲ್ಲವನ್ನೂ ಅಷ್ಟರಲ್ಲೇ ಮಾಡಿದ್ದರು.

ಗುಳಿಗೆ ನುಂಗಿದ ಕೂಡಲೇ ಚಹಾ ಕುಡಿಯಬೇಡಿ, ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ ಎಂದು ಇಬ್ಬರಿಗೂ ಹೇಳಿ ಕಳಿಸಿದೆ. ಎರಡು ತಿಂಗಳಿಗೆ ಸೊಸೆಯದು 9.4 ಆಗಿತ್ತು. ಸಾಲದು, ಆದರೆ ಏರುತ್ತಿತ್ತು. ಈ ಸಲ ಅತ್ತೆ ‘ಮೈಗಳ್ಳತನ’ ಎನ್ನಲಿಲ್ಲ.

ಅಂಕಿಯೊಂದು ಮನೆಯೊಳಗಿನ ಮಾತನ್ನು ಬದಲಿಸಬಲ್ಲದು ಎಂದು ನಾನು ಕಂಡದ್ದು ಅಲ್ಲಿ. ‘ಕೈಕಾಲ ಹರೀತಾವ’, ‘ಕಣ್ಣಿಗೆ ಕತ್ತಲಿ ಬರತೈತಿ’ ಎಂದು ಹೆಂಗಸರು ಎಷ್ಟೋ ಕಾಲದಿಂದ ಹೇಳುತ್ತಲೇ ಇದ್ದಾರೆ. ಅದನ್ನು ಕೇಳಿಸಿಕೊಂಡವರು ಸೋಮಾರಿತನ ಎಂದರು, ಇಲ್ಲವೇ ‘ಹೆಣ್ಣಾಗಿ ಹುಟ್ಟಿದ ಮ್ಯಾಲ ಇರೂದ’ ಎಂದರು.

ಈಗ ನನ್ನ ಸಂಶೋಧನೆ ಇದೇ ಸೀಮೆಯ ಹೆಂಗಸರ ಬೀಸುವ ಪದ, ಹೊಲದ ಪದಗಳ ಮೇಲೆ. ಹಾಡು ರೆಕಾರ್ಡ್ ಆದ ಮೇಲೆ, ಪ್ರಶ್ನಾವಳಿಯಲ್ಲಿಲ್ಲದ ಒಂದು ಪ್ರಶ್ನೆ ಕೇಳುತ್ತೇನೆ: ‘ರಗತ ತಪಾಸಣಿ ಮಾಡಿಸೀರೇನ್ರಿ? ಎಷ್ಟ ಇತ್ತು?’ ಇದು ಪ್ರಬಂಧದ ಯಾವ ಅಧ್ಯಾಯಕ್ಕೆ ಬರುತ್ತದೆ ಎಂದು ಮಾರ್ಗದರ್ಶಕರು ಕೇಳಿದ್ದಾರೆ. ಉತ್ತರ ಇನ್ನೂ ಹೊಳೆದಿಲ್ಲ. ಕೇಳುವುದನ್ನಂತೂ ಬಿಟ್ಟಿಲ್ಲ.