ತುಂಬಿದ ಮುಖ

ನಮ್ಮ ಮನೆಗಳಲ್ಲಿ ಮುಖವು ತುಂಬಿಕೊಂಡಿತೆಂದರೆ ಆರೋಗ್ಯವು ಕೂಡಿಬಂದಿತೆಂದೇ ಲೆಕ್ಕ. ನನ್ನ ಅಕ್ಕನ ವಿಷಯದಲ್ಲಿ ನಾವೆಲ್ಲರೂ ಹೀಗೆಯೇ ಮೋಸಹೋದೆವು. ಬಹುಕಾಲದಿಂದ ಆಮವಾತದಿಂದ ನರಳುತ್ತಿದ್ದ ಆಕೆಗೆ ಬೆಳಗಿನ ಹೊತ್ತು ಚೊಂಬನ್ನು ಎತ್ತುವುದೂ ಕಷ್ಟವಾಗಿದ್ದಿತು. ಊರಿಗೆ ಬಂದ ಮದ್ದಿನವನೊಬ್ಬನು ಕೊಟ್ಟ ಹೆಸರಿಲ್ಲದ ಪುಡಿಯನ್ನು ಸೇವಿಸತೊಡಗಿದ ನಾಲ್ಕೇ ದಿನಗಳಲ್ಲಿ ತಾನೇ ಕುಳಿತು ರೊಟ್ಟಿ ತಟ್ಟಿದಳು. ಕೆಲವು ತಿಂಗಳಲ್ಲಿ ಆಕೆಯ ಮುಖವು ಹುಣ್ಣಿಮೆಯ ಚಂದ್ರನಂತೆ ದುಂಡಗಾಯಿತು. ನಾವು ಹಿಗ್ಗಿದೆವು.

ಪುಡಿಯು ತೀರಿತು, ಮದ್ದಿನವನು ಮರಳಿ ಬರಲಿಲ್ಲ. ವಾರದೊಳಗೆ ಅಕ್ಕನು ಹಾಸಿಗೆ ಹಿಡಿದಳು. ವಾಂತಿ, ಬವಳಿ, ಏಳಲಾರದ ನಿತ್ರಾಣ. ಆಸ್ಪತ್ರೆಯ ವೈದ್ಯರು ಆ ದುಂಡುಮುಖವನ್ನು ಕಂಡೊಡನೆ ಕೇಳಿದ ಮೊದಲ ಪ್ರಶ್ನೆಯು, "ಇವರು ಸ್ಟೀರಾಯ್ಡ್ ಸೇವಿಸುತ್ತಿದ್ದರೇ?" ಎಂಬುದು. ಪುಡಿಯಲ್ಲಿ ಅದನ್ನು ಬೆರೆಸಿದ್ದಿರಬೇಕೆಂದು ಅವರು ನಿಶ್ಚಯಿಸಿದರು.

ಈ ಔಷಧದ ಹಿಂದಿನ ಕಥೆಯನ್ನು ನಾನು ಆಮೇಲೆ ಓದಿ ತಿಳಿದೆನು. 1929ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯರು ವಿಚಿತ್ರವೊಂದನ್ನು ಗಮನಿಸಿದರು. ಆಮವಾತದ ರೋಗಿಯೊಬ್ಬನಿಗೆ ಕಾಮಾಲೆಯಾದೊಡನೆ ಕೀಲುನೋವು ಶಮನವಾಗಿದ್ದಿತು. ಗರ್ಭಿಣಿಯರಲ್ಲಿಯೂ ಹಾಗೆಯೇ ಆಗುವುದನ್ನು ಅವರು ಕಂಡರು. ಹಾಗಾದರೆ ಉರಿಯೂತವನ್ನು ತಣಿಸುವ ವಸ್ತುವು ದೇಹದಲ್ಲಿಯೇ ಇರಬೇಕಷ್ಟೆ! ಅದೇ ಸಂಸ್ಥೆಯ ರಸಾಯನಶಾಸ್ತ್ರಜ್ಞರಾದ ಎಡ್ವರ್ಡ್ ಕೆಂಡಾಲ್ ಅವರು ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಹಲವು ಹಾರ್ಮೋನುಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲೊಂದನ್ನು 1948ರ ಸೆಪ್ಟೆಂಬರ್ 21ರಂದು 29 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿಕೊಟ್ಟರು. ಹೆಜ್ಜೆಯಿಡಲು ಕಷ್ಟಪಡುತ್ತಿದ್ದ ಆಕೆಯು ವಾರದೊಳಗೆ ಪೇಟೆ ಸುತ್ತಿ ಬಂದಳು! ಅದೇ ಕಾರ್ಟಿಸೋನ್. 1950ರಲ್ಲಿ ಇವರಿಬ್ಬರಿಗೂ ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಅವರಿಗೂ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೆ ಔಷಧವನ್ನು ನಿಲ್ಲಿಸಿದರೆ ನೋವು ಮರಳುತ್ತಿದ್ದಿತು. ಹೆಚ್ಚು ಕಾಲ ಕೊಟ್ಟರೆ ಮುಖವು ಊದುತ್ತಿದ್ದಿತು, ಎಲುಬು ಟೊಳ್ಳಾಗುತ್ತಿದ್ದಿತು. ಇನ್ನೊಂದು ಅಪಾಯವೂ ಉಂಟು. ಹೊರಗಿನಿಂದ ದಿನವೂ ಊಟ ಬರುವ ಮನೆಯಲ್ಲಿ ಒಲೆ ಹಚ್ಚುವವರಾರು? ಹಾಗೆಯೇ ಹೊರಗಿನ ಹಾರ್ಮೋನು ಬರುತ್ತಿರುವಾಗ ನಮ್ಮ ಗ್ರಂಥಿಯು ತನ್ನ ಕೆಲಸವನ್ನು ಮರೆಯುತ್ತದೆ. ಊಟವು ಥಟ್ಟನೆ ನಿಂತ ದಿನ ಒಲೆಯು ತಣ್ಣಗಿರುತ್ತದೆ. ಅಕ್ಕನಿಗೆ ಆದದ್ದು ಇದೇ. ಆದುದರಿಂದ ವೈದ್ಯರು ಅದೇ ಔಷಧವನ್ನು ಮೊದಲು ಕೊಟ್ಟು, ಬಳಿಕ ತಿಂಗಳುಗಟ್ಟಲೆ ಇಷ್ಟಿಷ್ಟೇ ಇಳಿಸುತ್ತ ಬಂದರು.

ಔಷಧವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 2020ರ ಕೊರೋನಾ ಕಾಲದಲ್ಲಿ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ, ಇದೇ ಜಾತಿಯ ಡೆಕ್ಸಾಮೆಥಸೋನ್ ಕೃತಕ ಉಸಿರಾಟದಲ್ಲಿದ್ದ ರೋಗಿಗಳ ಮರಣವನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸಿತು. ಅಂತಹ ಬಲವುಳ್ಳದ್ದನ್ನು ನಾವಾಗಿ ಹಿಡಿಯಲೂ ಬಾರದು, ನಾವಾಗಿ ಬಿಡಲೂ ಬಾರದು. ಹೆಸರಿಲ್ಲದ ಪುಡಿಯಂತೂ ಮನೆಯ ಹೊಸ್ತಿಲನ್ನೇ ದಾಟಬಾರದು.

ಅಕ್ಕನ ಕೀಲುಗಳು ಈಗಲೂ ಆಗಾಗ ನೋಯುವುದುಂಟು. ಅದಕ್ಕೆ ಬೇರೆ ಔಷಧವು ನಡೆದಿದೆ. ಮುಖವು ಮೊದಲಿನಂತೆ ಕೋಲಾಗಿದೆ. "ಸೊರಗಿಹೋದೆಯಲ್ಲೇ!" ಎಂದು ನೆರೆಯವರು ಮರುಗಿದಾಗ ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿ ನಗುತ್ತೇವೆ.