ಬಂದು ಹೋಗುವ ಕಾಯಿಲೆ

ಪೂರ್ತಿ ಕೆಟ್ಟುಹೋದ ವಸ್ತುವಿಗೆ ಒಂದು ಮರ್ಯಾದೆ ಇದೆ. ಅದು ಕೆಟ್ಟಿದೆ ಅಂತ ಎಲ್ಲರೂ ಒಪ್ಕೋತಾರೆ. ಕಷ್ಟ ಇರೋದು ಆಗಾಗ ಕೆಡುವ ವಸ್ತುವಿನದು. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುತ್ತಲ್ಲ, ಹಾಗೆ. ಆಮೇಲೆ ಜನ ಅನುಮಾನಿಸೋದು ಹಲ್ಲನ್ನಲ್ಲ, ನಿಮ್ಮನ್ನ.

ಡಾಕಿಂಗ್ ಸ್ಟೇಷನ್ನಿಗೆ ಸಿಕ್ಕಿಸಿದ ಮಾನಿಟರ್ ಮಿಟುಕೋದು ಇದೇ ಜಾತಿಯ ಕಾಯಿಲೆ. ಆಫೀಸಿಗೆ ಬರ್ತೀರಿ, ಲ್ಯಾಪ್‌ಟಾಪಿಗೆ ಒಂದೇ ಒಂದು ಕೇಬಲ್ ಸಿಕ್ಕಿಸ್ತೀರಿ. ಚಾರ್ಜು, ಇಂಟರ್‌ನೆಟ್ಟು, ಕೀಬೋರ್ಡು, ಎರಡು ಪರದೆ, ಎಲ್ಲ ಅದರಲ್ಲೇ. ಸುಖವೂ ಅದೇ, ತೊಂದರೆಯೂ ಅದೇ. ಪರದೆ ಒಂದು ಕ್ಷಣ ಕಪ್ಪಾದರೆ ತಪ್ಪು ಲ್ಯಾಪ್‌ಟಾಪಿನದೋ, ಡಾಕಿನದೋ, ಕೇಬಲ್ಲಿನದೋ, ಮಾನಿಟರಿನದೋ ಗೊತ್ತಾಗಲ್ಲ.

ಹೋದ ವರ್ಷ ನಮ್ಮ ಟೀಮಿಗೆ ಹಾಸನದ ಕಡೆಯ ಒಬ್ಬ ಹುಡುಗಿ ಸೇರಿದ್ದಳು. ಫೆಬ್ರವರಿ ಹೊತ್ತಿಗೆ ಪ್ರೊಬೇಷನ್ನಿನ ನಾಲ್ಕನೇ ತಿಂಗಳು. ಅವಳ ಎರಡೂ ಮಾನಿಟರ್ ದಿನಕ್ಕೆ ಏಳೆಂಟು ಸಲ ಕಪ್ಪಾಗಿ ವಾಪಸ್ ಬರುತ್ತಿದ್ದವು. ಬರುವಷ್ಟರಲ್ಲಿ ತೆರೆದಿಟ್ಟ ವಿಂಡೋಗಳೆಲ್ಲ ಲ್ಯಾಪ್‌ಟಾಪಿನ ಚಿಕ್ಕ ಪರದೆಯಲ್ಲಿ ಗುಡ್ಡೆ ಬಿದ್ದಿರುತ್ತಿದ್ದವು. ಲೀಡ್ ಡೆಮೊ ನೋಡೋಕೆ ಅವಳ ಡೆಸ್ಕಿಗೆ ಬಂದರಂತೂ ಹೆಚ್ಚುಕಮ್ಮಿ ಪ್ರತಿಸಲ ಹೋಗುತ್ತಿತ್ತು. ಟಿಕೆಟ್ ಹಾಕಿದಳು. ಐಟಿಯವರು ರಿಮೋಟಿನಲ್ಲಿ ಬಂದರೆ ಎರಡೂ ಪರದೆ, ಸ್ಕೂಲಿಗೆ ಇನ್‌ಸ್ಪೆಕ್ಟರ್ ಬಂದ ದಿನದ ಹಾಗೆ, ಗಪ್‌ಚುಪ್. 'ಸಮಸ್ಯೆ ಕಂಡುಬಂದಿಲ್ಲ' ಅಂತ ಬರೆದು ಟಿಕೆಟ್ ಮುಚ್ಚಿದರು. ಹೀಗೆ ಮೂರು ಸಲ. ಇತ್ತ ಲೀಡ್ ಫೀಡ್‌ಬ್ಯಾಕಿನಲ್ಲಿ 'ತಯಾರಿ ಸಾಲದು' ಅಂತ ಒಂದು ಸಾಲು ಹಾಕಿದರು. "ಸರ್, ನಾನು ನೆಪ ಹೇಳ್ತಿಲ್ಲ" ಅಂದಳು ಕ್ಯಾಂಟೀನಿನಲ್ಲಿ. ಆ ದನಿ ಕೇಳಿದ ಮೇಲೆ ಸುಮ್ಮನಿರೋಕಾಗಲಿಲ್ಲ. ಇಬ್ಬರೂ ಕೂತು ಹುಡುಕಿದೆವು.

ಮೊದಲ ಪ್ರಶ್ನೆ: ಮಿಟುಕೋದು ಪರದೆಯೋ, ಪರದೆಯೊಳಗಿನ ಯಾವುದಾದರೂ ಆ್ಯಪೋ? ಇದಕ್ಕೆ ಮೈಕ್ರೋಸಾಫ್ಟೇ ಹೇಳಿಕೊಡುವ ಒಂದು ಸುಲಭದ ಪರೀಕ್ಷೆ ಇದೆ. ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಉಳಿದದ್ದರ ಜೊತೆ ಅದೂ ಮಿಟುಕಿದರೆ ಡಿಸ್‌ಪ್ಲೇ ಡ್ರೈವರ್ ಮೇಲೆ ಅನುಮಾನ. ಅದೊಂದು ನೆಟ್ಟಗಿದ್ದು ಉಳಿದದ್ದು ಮಿಟುಕಿದರೆ ಯಾವುದೋ ಆ್ಯಪ್. ಅವಳದ್ದು ಎರಡೂ ಅಲ್ಲ. ಮಾನಿಟರೇ ಪೂರ್ತಿ ಕಪ್ಪಾಗುತ್ತಿತ್ತು, ಲ್ಯಾಪ್‌ಟಾಪಿನ ಸ್ವಂತ ಪರದೆ ಮಾತ್ರ ಚೆನ್ನಾಗಿತ್ತು. ಅಂದರೆ ಚಿತ್ರ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ.

ಎರಡನೆಯದು ಲೆಕ್ಕ. ಫುಲ್ ಎಚ್‌ಡಿ ಪರದೆ ಅಂದರೆ 1920 × 1080 ಚುಕ್ಕೆ, ಚುಕ್ಕೆಗೆ 24 ಬಿಟ್, ಸೆಕೆಂಡಿಗೆ 60 ಸಲ. ಗುಣಿಸಿದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್. 4ಕೆ ಪರದೆಗೆ ಅದರ ನಾಲ್ಕರಷ್ಟು, 12. ಬಹಳಷ್ಟು ಯುಎಸ್‌ಬಿ-ಸಿ ಡಾಕುಗಳಲ್ಲಿ ವೇಗದ ಡೇಟಾ ಕೂಡ ಅದೇ ಕೇಬಲ್ಲಿನಲ್ಲಿ ಓಡಬೇಕಾಗಿರೋದರಿಂದ ನಾಲ್ಕು ಲೇನಿನಲ್ಲಿ ಎರಡು ಮಾತ್ರ ವಿಡಿಯೊಗೆ ಸಿಗುತ್ತವೆ. ಡಿಸ್‌ಪ್ಲೇಪೋರ್ಟ್ 1.2ರಲ್ಲಿ ಆ ಎರಡು ಲೇನಿನ ಸಾಮರ್ಥ್ಯ 8.64 ಗಿಗಾಬಿಟ್. ಎರಡು ಫುಲ್ ಎಚ್‌ಡಿ ಆರಾಮಾಗಿ ಹೋಗುತ್ತೆ, 60 ಹರ್ಟ್ಸಿನ 4ಕೆ ಒಂದೂ ಹಿಡಿಸಲ್ಲ. ನಿಮ್ಮದು ಇಕ್ಕಟ್ಟಿನ ಕೇಸು ಅನಿಸಿದರೆ ರಿಫ್ರೆಶ್ ರೇಟನ್ನ 30ಕ್ಕೆ ಇಳಿಸಿ ನೋಡಿ. ಮಿಟುಕೋದು ನಿಂತರೆ ದಾರಿಯಲ್ಲಿ ಜಾಗ ಸಾಲ್ತಿಲ್ಲ ಅಂತ. ಅವಳ ಎರಡೂ ಫುಲ್ ಎಚ್‌ಡಿ, ಜಾಗ ಬೇಕಾದಷ್ಟಿತ್ತು.

ಮೂರನೆಯದು ಅದಲು ಬದಲು, ಅದೂ ಒಂದು ಸಲಕ್ಕೆ ಒಂದೇ. ಡ್ರೈವರು, ಕೇಬಲ್ಲು, ಡಾಕು ಮೂರನ್ನೂ ಒಟ್ಟಿಗೆ ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯ್ತು ಅಂತ ಯಾವತ್ತೂ ಗೊತ್ತಾಗಲ್ಲ. ನಾವು ಎಡದ ಮಾನಿಟರನ್ನ ಬಲಕ್ಕಿಟ್ಟೆವು, ವ್ಯತ್ಯಾಸ ಇಲ್ಲ. ಡ್ರೈವರ್ ಅಪ್‌ಡೇಟ್ ಮಾಡಿದೆವು, ಇಲ್ಲ. ಡಾಕ್ ಬಿಟ್ಟು ಲ್ಯಾಪ್‌ಟಾಪಿನಿಂದಲೇ ಒಂದು ಗಿಡ್ಡ ಎಚ್‌ಡಿಎಂಐ ಕೇಬಲ್ ಎಳೆದೆವು, ಅರ್ಧ ದಿನ ಒಂದು ಸಲವೂ ಹೋಗಲಿಲ್ಲ. ಹಾಗಾದರೆ ಡಾಕೇ ಅಂತ ಐಟಿಯವರು ಡಾಕ್ ಬದಲಾಯಿಸಿ, ಹಳೇ ಕೇಬಲ್ಲುಗಳನ್ನೇ ಸಿಕ್ಕಿಸಿ ಹೋದರು. ಮಾರನೇ ದಿನ ಮತ್ತೆ ಶುರು. ಇನ್ನುಳಿದದ್ದು ಲ್ಯಾಪ್‌ಟಾಪ್ ಫಾರ್ಮ್ಯಾಟ್ ಅಂದರು. ಪ್ರೊಬೇಷನ್ನಿನಲ್ಲಿರುವವಳಿಗೆ ಎರಡು ದಿನದ ಕೆಲಸ ಅಂದರೆ ಕಮ್ಮಿ ಅಲ್ಲ.

ಆಗ ಒಂದು ಪುಟ್ಟ ನೋಟ್‌ಬುಕ್ ಇಡೋಕೆ ಹೇಳಿದೆ. ಮೂರು ಕಾಲಂ: ಗಂಟೆ ಎಷ್ಟು, ಯಾವ ಪರದೆ ಹೋಯ್ತು, ಆ ಹೊತ್ತಿಗೆ ನೀವು ಏನು ಮಾಡ್ತಿದ್ರಿ. ಮೂರು ದಿನದ ಬರಹ ನೋಡಿದರೆ ಮೊದಲೆರಡು ಕಾಲಂನಲ್ಲಿ ತಲೆಬುಡ ಇಲ್ಲ. ಮೂರನೆಯದರಲ್ಲಿ ಹೀಗಿತ್ತು: 'ನೀರು ತರಲು ಎದ್ದೆ.' 'ಊಟಕ್ಕೆ ಹೊರಟೆ.' 'ಲೀಡ್ ಬಂದರು.' 'ಅಮ್ಮನ ಫೋನ್, ಹೊರಗೆ ಹೋದೆ.' 'ಲೀಡ್ ಬಂದರು.'

"ಲೀಡ್ ಬಂದಾಗ ನೀವೇನ್ ಮಾಡ್ತೀರಿ?" ಅಂತ ಕೇಳಿದೆ.

"ಎದ್ದು ನಿಲ್ತೀನಿ ಸರ್. ಅವರು ಬಂದಾಗ ಕೂತೇ ಇರೋಕಾಗುತ್ತಾ?"

ಕುರ್ಚಿ! ತಮಾಷೆಯಲ್ಲ. ಡಾಕುಗಳಿಗೆ ತಂತ್ರಜ್ಞಾನ ಕೊಡುವ ಡಿಸ್‌ಪ್ಲೇಲಿಂಕ್ ತನ್ನ ಸಹಾಯ ಪುಟದಲ್ಲೇ ಇದನ್ನು ಬರೆದಿದೆ. ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಯಿಂದ ಎದ್ದಾಗ ಅಥವಾ ಕೂತಾಗ ಸ್ಥಾಯಿ ವಿದ್ಯುತ್ತಿನಿಂದ ಒಂದು ಸಣ್ಣ ವಿದ್ಯುತ್ಕಾಂತೀಯ ಹೊಡೆತ ಹುಟ್ಟಬಹುದು. ಸರಿಯಾದ ಶೀಲ್ಡಿಂಗ್ ಇಲ್ಲದ ವಿಡಿಯೊ ಕೇಬಲ್ ಅದನ್ನ ಆಂಟೆನಾ ಥರ ಹಿಡ್ಕೊಳ್ಳುತ್ತೆ. ಸಿಗ್ನಲ್ಲಿನ ತಾಳ ತಪ್ಪುತ್ತೆ, ಮಾನಿಟರ್ ಕಪ್ಪಾಗಿ ಮತ್ತೆ ತಾಳ ಹಿಡಿಯುತ್ತೆ. ಫೆಬ್ರವರಿ, ಮಾರ್ಚಿನಲ್ಲಿ ಬೆಂಗಳೂರಿನ ಗಾಳಿ ಒಣಗಿರುತ್ತೆ. ಅದರ ಮೇಲೆ ಎಸಿ, ಕೆಳಗೆ ಕಾರ್ಪೆಟ್ಟು. ಬಾಗಿಲ ಹಿಡಿಕೆ ಮುಟ್ಟಿದರೆ ಚುರ್ ಅನ್ನುವ ಕಾಲ ಅದು.

ಪರೀಕ್ಷೆ ಮಾಡೋಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಹತ್ತು ಸಲ ಎದ್ದು ಕೂತಳು, ಆರು ಸಲ ಪರದೆ ಹೋಯ್ತು. ಡಾಕಿನಿಂದ ಮಾನಿಟರಿಗೆ ಹೋಗುವ ಕೇಬಲ್ಲುಗಳು ಮೂರು ಮೀಟರಿನವು, ಹೆಸರಿಲ್ಲದವು, ಕುರ್ಚಿಯ ಪಕ್ಕದಲ್ಲೇ ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ಒಂದು ಮೀಟರಿನ, ಒಳ್ಳೆ ಶೀಲ್ಡಿಂಗ್ ಇರುವ ಎರಡು ಕೇಬಲ್ ತರಿಸಿ, ಡಾಕನ್ನ ಮೇಜಿನ ಮೇಲಕ್ಕೆ ಎತ್ತಿಟ್ಟೆವು. ಮತ್ತೆ ಹತ್ತು ಸಲ ಎದ್ದಳು. ಒಂದು ಸಲವೂ ಹೋಗಲಿಲ್ಲ. ಗಿಡ್ಡ ಎಚ್‌ಡಿಎಂಐ ಹಾಕಿದ ದಿನ ಯಾಕೆ ಸುಮ್ಮನಿತ್ತು ಅನ್ನೋದಕ್ಕೂ ಉತ್ತರ ಸಿಕ್ಕಿತು.

ಐಟಿಯವರಿಗೆ ಯಾಕೆ ಕಾಣಲಿಲ್ಲ ಅನ್ನೋದಕ್ಕೂ. ಅವರು ರಿಮೋಟಿನಲ್ಲಿ ನೋಡುವಷ್ಟು ಹೊತ್ತೂ ಇವಳು ಸಹಕರಿಸೋಣ ಅಂತ ಅಲ್ಲಾಡದೆ ಕೂತಿರುತ್ತಿದ್ದಳು. ಲೀಡ್‌ಗೆ ಯಾಕೆ ಯಾವಾಗಲೂ ಕಾಣುತ್ತಿತ್ತು ಅಂದರೆ ಅವರು ಬಂದ ಕೂಡಲೇ ಎದ್ದು ನಿಲ್ಲುತ್ತಿದ್ದಳು. ಇಬ್ಬರೂ ಕಂಡದ್ದು ನಿಜ, ಇಬ್ಬರೂ ಬರೆದದ್ದು ತಪ್ಪು. ನಡುವೆ ಒಂದು ಕೆಲಸ ಹೋಗುವುದರಲ್ಲಿತ್ತು. ಬಂದು ಹೋಗುವ ಕಾಯಿಲೆಗೆ ಮೊದಲ ಮದ್ದು ಹೊಸ ಡಾಕ್ ಅಲ್ಲ. ಹೇಳುವವರ ಮಾತು ನಂಬಿ, ಯಾವಾಗ, ಏನು ಮಾಡುವಾಗ ಅಂತ ಬರೆದಿಡೋದು. ಬರೆದಿಟ್ಟದ್ದು ಇದ್ದರೆ ಅನುಮಾನ ಮನುಷ್ಯರನ್ನ ಬಿಟ್ಟು ವಸ್ತುಗಳ ಕಡೆ ತಿರುಗುತ್ತೆ.

ನೋಟ್‌ಬುಕ್ಕನ್ನೂ ಹಳೇ ಕೇಬಲ್ಲುಗಳನ್ನೂ ಅವಳೇ ಲೀಡ್ ಮುಂದೆ ಇಟ್ಟು ಎದ್ದು ಕೂತು ತೋರಿಸಿದಳು. ಫೀಡ್‌ಬ್ಯಾಕಿನ ಆ ಸಾಲನ್ನ ಅವರು ತೆಗೆದರು. ಲೀಡ್ ಬಂದರೆ ಅವಳು ಈಗಲೂ ಎದ್ದು ನಿಲ್ತಾಳೆ. ಪರದೆ ಮಾತ್ರ ಹೋಗಲ್ಲ.